ಹಸಿಯಲು ಬಿಡದ ಮನೆ

ಮೂಗಿನಿಂದ ಹೊಟ್ಟೆಗಿಳಿದ ಟ್ಯೂಬಿನೊಂದಿಗೇ ಕೂಸು ಆಸ್ಪತ್ರೆಯಿಂದ ಮನೆಗೆ ಬಂದಿತ್ತು. ದಿನ ತುಂಬುವ ಮೊದಲೇ ಹುಟ್ಟಿದವಳು, ಈಗ ಕೈಕಾಲು ತುಂಬಿಕೊಂಡು, ಕರೆದರೆ ತಿರುಗಿ ನೋಡುವಷ್ಟಾಗಿದ್ದಳು. ಬಾಯಿಂದ ಮಾತ್ರ ಕುಡಿಯಳು.

ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಅಲ್ಲೊಂದು ಶಿಶುಪಾಲನಾ ಕೋಣೆಯಿತ್ತು. ಗೋಡೆಯ ಮೇಲೆ ಬಣ್ಣದ ಚಿಟ್ಟೆಗಳೂ ಇದ್ದವು. ಟ್ಯೂಬಿರುವ ಮಗುವನ್ನು ಸೇರಿಸಿಕೊಳ್ಳುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದ್ದರು. ತಂದೆ ಲಾರಿ ಹತ್ತಿದರೆ ಯಾವಾಗ ಇಳಿಯುತ್ತಾನೋ ಗೊತ್ತಿಲ್ಲ. ಅವನ ತಾಯಿ, ಅಂದರೆ ಕೂಸಿನ ಅಜ್ಜಿ, ಮಧ್ಯಾಹ್ನದಿಂದ ಬಸ್ ನಿಲ್ದಾಣ ಗುಡಿಸಲು ಹೋಗಬೇಕು. ಹಾಗಾಗಿ ಹೆರಿಗೆ ರಜೆ ಮುಗಿಯುವುದರೊಳಗೆ ಮಗು ಬಾಯಿಂದ ಕುಡಿಯಬೇಕು, ಇಲ್ಲವೇ ತಾಯಿ ಕೆಲಸ ಬಿಡಬೇಕು. ಹೆಂಗಸರ ಬೆವರಲ್ಲಿ ಓಡುವ ಕಾರ್ಖಾನೆಗೆ ಅವರು ಹೆತ್ತ ಮಕ್ಕಳು ಚಿಟ್ಟೆಯ ಚಿತ್ರದಂತೆ ತೆಪ್ಪಗಿರಬೇಕಾಗಿತ್ತು.

ಹಾಲು ಕುಡಿಯಲು ಕಲಿಸುವ ನರ್ಸ್ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಟ್ಯೂಬಿನಲ್ಲಿ ಹಾಲು ಇಳಿಯುವಾಗ ಮಗುವಿಗೆ ಬೆರಳು ಚೀಪಲು ಕೊಡಿ, ಬಾಯಿಗೂ ಹೊಟ್ಟೆಗೂ ಪರಿಚಯವಾಗಲಿ, ಎರಡೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಆಗಿವೆ ಎಂದು ನಗಿಸಿದ್ದಳು. ತೂಕ ಚೆನ್ನಾಗಿ ಏರಿದ ಮೇಲೆ, ಟ್ಯೂಬಿನ ಹಾಲನ್ನು ಸ್ವಲ್ಪ ತಡಮಾಡಿ, ಹಸಿದಾಗ ಎದೆಗೆ ಹಿಡಿಯಿರಿ ಎಂದಳು. ತಾಯಿ ಹಾಗೇ ಮಾಡಿದಳು. ಕೂಸು ತುಟಿ ಬಿಗಿದು ಮುಖ ತಿರುಗಿಸಿತು. ದಿನಾ ಅದೇ. ತನ್ನ ಮುಖ ಕಂಡರೇ ಮಗಳಿಗೆ ಆಗುವುದಿಲ್ಲವೆಂದು ತಾಯಿ ಫೋನಿನಲ್ಲಿ ಗಂಡನೆದುರು ಅತ್ತಳು. ಅವನು, ಅದು ನಮ್ಮಮ್ಮನ ಹಟ, ರಕ್ತದಲ್ಲೇ ಬಂದಿದೆ ಎಂದು ಸಮಾಧಾನ ಮಾಡಲು ನೋಡಿದ.

ಒಂದು ಬೆಳಿಗ್ಗೆ ನರ್ಸ್ ಎದುರಿಗೇ ಕೂಸು ಮುಖ ತಿರುಗಿಸಿ, ಕಟವಾಯಿಯಲ್ಲಿ ಹಾಲು ಕಕ್ಕಿತು. ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟಳು, ಬಿಗಿದಿತ್ತು. ಖಾಲಿ ಸಿರಿಂಜನ್ನು ಟ್ಯೂಬಿಗೆ ಸಿಕ್ಕಿಸಿ ಮೆಲ್ಲಗೆ ಎಳೆದಾಗ ಆಗತಾನೆ ಹೋದ ಹಾಲು ಬಂತು. ತಾಯಿ ಕೊಟ್ಟಿರಲಿಲ್ಲ. ಅವಳು ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದಳು.

ಇಬ್ಬರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಬಚ್ಚಿಡಲು ಹೋಗಲಿಲ್ಲ. ದಿನಾ ಸೊಸೆ ಸ್ನಾನಕ್ಕೆ ಹೋದಾಗ ತಾನೇ ಹಾಲು ಬಿಡುತ್ತಿದ್ದೆನೆಂದಳು.

"ನಾನು ಇಟ್ಟಿಗೆ ಗೂಡಲ್ಲಿದ್ದಾಗ ಮೇಸ್ತ್ರಿ ಸೀಟಿ ಹೊಡೆಯೋ ತನಕ ಮಗೂನ ಮುಟ್ಟೋ ಹಾಗಿರಲಿಲ್ಲ. ಎದೆ ಹಾಲು ಸೀರೆಗೆ ಸೋರ್ತಿತ್ತು, ಮಗ ಅಲ್ಲಿ ಅರಚ್ತಿದ್ದ. ಈಗ ಮನೇಲೇ ಹಾಲಿದೆ. ಇವಳ್ಯಾಕಮ್ಮ ಹಸೀಬೇಕು?"

ಸೊಸೆ ರೇಗಬೇಕೆಂದು ಬಾಯಿ ತೆರೆದವಳು ಕೂಸಿನ ಕಟವಾಯಿ ಒರೆಸಿದಳು.

"ಅದು ಮೇಸ್ತ್ರಿ ಹೇರಿದ ಹಸಿವು ಅಜ್ಜಿ," ಎಂದಳು ನರ್ಸ್. "ಇದು ಇವಳ ಸ್ವಂತದ್ದು. ಕಿತ್ಕೋಬೇಡಿ."

ಆ ದಿನ ಅಜ್ಜಿ ಕೆಲಸಕ್ಕೆ ಹೋಗಲಿಲ್ಲ. ನರ್ಸ್ ಕೂಡ ಉಳಿದಳು. ಮಧ್ಯಾಹ್ನ ಕೂಸು ಎದ್ದು ಮುಲುಗಿತು, ಆಮೇಲೆ ಅತ್ತಿತು. ನೋವಿನ ಅಳುವಲ್ಲ, ನಿದ್ದೆಗೆಟ್ಟ ರಗಳೆಯೂ ಅಲ್ಲ. ಯಾರನ್ನೋ ಕೂಗಿ ಕರೆಯುವಂಥದ್ದು. ಅಜ್ಜಿ ಎರಡೂ ಕೈಯನ್ನು ತೊಡೆಯಡಿ ಸೇರಿಸಿ, ಕೆಂಡದ ಮೇಲೆ ಕೂತವಳಂತೆ ಕೂತಳು. ಕೂಸಿನ ಬಾಯಿ ಅತ್ತಿತ್ತ ಹುಡುಕಿ, ತಾಯಿಯ ಎದೆಗೆ ತಾಗಿ, ಕಚ್ಚಿಕೊಂಡಿತು. ಎರಡು ಗುಟುಕಿಗೇ ಕೆಮ್ಮು ಬಂತು. ನರ್ಸ್ ಕೂಸನ್ನು ಓರೆಯಾಗಿ ಹಿಡಿಸಿ ಕಾದಳು. ಮತ್ತೆ ಚೀಪಿತು. ಕುಡಿದದ್ದು ಸ್ವಲ್ಪವೇ, ಉಳಿದದ್ದು ಟ್ಯೂಬಿನಲ್ಲೇ ಹೋಯಿತು.

"ಕಳ್ಳಿ, ಬರುತ್ತೆ ಇವಳಿಗೆ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಬರಬರುತ್ತ ಟ್ಯೂಬಿನ ಪಾಲು ಕಡಿಮೆಯಾಯಿತು. ಕೊನೆಗೆ ಅದನ್ನು ತೆಗೆದಾಗ ಕೆನ್ನೆಯ ಮೇಲೆ ಅಂಟುಪಟ್ಟಿಯ ಕೆಂಪು ಗುರುತು ಉಳಿದಿತ್ತು.

ರಜೆ ಮುಗಿದ ದಿನ ತಾಯಿ ಮಗಳನ್ನು ಚಿಟ್ಟೆಗಳ ಕೋಣೆಯಲ್ಲಿ ಬಿಟ್ಟು ಮೆಷಿನ್ನಿಗೆ ಕೂತಳು. ಊಟದ ಹೊತ್ತಿಗೆ ಮೊದಲೇ ಆ ಕೋಣೆಯ ಆಯಾ ಬಾಗಿಲಲ್ಲಿ ನಿಂತು ಸನ್ನೆ ಮಾಡಿದಳು. ಸೂಪರ್‌ವೈಸರ್ ಈ ಅಂಗಿಗಳ ಕಟ್ಟು ಮುಗಿಸಿ ಹೋಗೆಂದ, ಮಕ್ಕಳು ಅಂದಮೇಲೆ ಅಳುತ್ತವೆ ಎಂದ.

"ಅವಳು ಅಳ್ತಿಲ್ಲ, ಊಟ ಕೇಳ್ತಿದಾಳೆ," ಎಂದಳು ತಾಯಿ. ಅರ್ಧ ಕೂಡಿಸಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು, ಅವನ ಒಪ್ಪಿಗೆಗೆ ಕಾಯದೆ ಎದ್ದು ನಡೆದಳು.