ಅವ್ವನ ಸೀರೆಗೆ ಕತ್ತರಿ

ಕಲಬುರಗಿಯ ಶಹಾಬಜಾರದ ಹಳೆಯ ಮನೆಯ ಮೇಲಂತಸ್ತಿನಲ್ಲಿ ಪಂಚಶೀಲಾ ಬಟ್ಟೆಯ ಗಂಟು ಬಿಚ್ಚಿದಳು. ಚಾಪೆಯ ಮೇಲೆ ಕೂತವರೆಲ್ಲ ತಲೆ ಎತ್ತಿ ನೋಡಿದರು. ಮನಸ್ಸಿನ ದೊಡ್ಡ ಕಾಯಿಲೆಯಲ್ಲಿ ವರ್ಷಗಟ್ಟಲೆ ನರಳಿದವರು ಅವರು. ಹಗಲೆಲ್ಲ ಇಲ್ಲಿ ಕೂತು ಕೌದಿ ಹೊಲಿಯುತ್ತಾರೆ, ಶೇಂಗಾ ಸುಲಿಯುತ್ತಾರೆ, ಕುಂಡಗಳಿಗೆ ನೀರು ಹಾಕುತ್ತಾರೆ. ಗುಳಿಗೆ ತಲೆಯೊಳಗಿನ ಗದ್ದಲ ತಗ್ಗಿಸಬಹುದು, ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎನ್ನುವುದನ್ನು ಕೈಕೆಲಸವೇ ಕಲಿಸಬೇಕು ಎಂದು ಈ ಆರೈಕೆ ಕೇಂದ್ರ ನಡೆಸುವ ವಿದ್ಯಾವತಿ ಅಕ್ಕೋರು ಹೇಳುತ್ತಿದ್ದರು.

ಪಂಚಶೀಲಾ ಮೊದಮೊದಲು ನಂಬಿರಲಿಲ್ಲ. ಕಮಲಾಪುರದ ಮನೆಯಲ್ಲಿ ಅವಳ ಅಕ್ಕ ಯಶೋಧರಾಳ ಕೈಗೆ ಯಾರೂ ಸೂಜಿಯನ್ನೂ ಕೊಡುತ್ತಿರಲಿಲ್ಲ. ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಅವಳು ಗೋಡೆಗೆ ತಲೆ ಚಚ್ಚಿಕೊಂಡ ದಿನವೇ ಚಾಕು, ಕತ್ತರಿ, ಬೆಂಕಿಪೊಟ್ಟಣ ಎಲ್ಲ ಅಟ್ಟ ಸೇರಿದ್ದವು. ಅವಳನ್ನು ಕಾಯಲೆಂದೇ ಪಂಚಶೀಲಾ ಶಾಲೆ ಬಿಟ್ಟಿದ್ದಳು. ಅಂಥ ಅಕ್ಕ ಇಲ್ಲಿಗೆ ಬಂದ ಮೇಲೆ ಮೊದಲು ದಾರ ಸುತ್ತಿದಳು, ಆಮೇಲೆ ಸೂಜಿ ಹಿಡಿದಳು. ಈಗ ಅವಳ ಹೊಲಿಗೆ ಕೂರಿಗೆ ಬಿತ್ತಿದ ಸಾಲಿನಷ್ಟು ನೆಟ್ಟಗೆ ಬರುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ತಂಗಿಯ ಜೊತೆ ಜಗಳಾಡುವಷ್ಟು ಹುಷಾರಾಗಿದ್ದಳು.

ಒಂದು ಮಾತು ಮಾತ್ರ ಮನೆಯವರು ಅವಳಿಂದ ಮುಚ್ಚಿಟ್ಟಿದ್ದರು. ಅವ್ವ ತುಳಜಾಬಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಜೀವ ಹೋದದ್ದು ಕಲಬುರಗಿಯ ಆಸ್ಪತ್ರೆಯಲ್ಲಿ. ಅಪ್ಪ ದತ್ತಪ್ಪ ಹೆಣವನ್ನು ಮನೆಯಂಗಳಕ್ಕೂ ತರದೆ ನೇರ ಹೊಲಕ್ಕೆ ಒಯ್ದು ಮಣ್ಣು ಮಾಡಿಸಿದ್ದ. ಅಳುವ ದನಿ ಕಿವಿಗೆ ಬಿದ್ದರೆ ಯಶೋಧರಾ ಜೀವಕ್ಕೆ ಏನಾದರೂ ಮಾಡಿಕೊಂಡಾಳೆಂಬ ಭಯ. ಅವ್ವ ಬೀದರಿನ ಮಾವನ ಮನೆಗೆ ಹೋಗಿದ್ದಾಳೆ ಎಂದು ಎಲ್ಲರೂ ಹೇಳುತ್ತ ಬಂದರು. ಕೇಳಿ ಕೇಳಿ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಇವತ್ತು ಪ್ರತಿಯೊಬ್ಬರೂ ಮನೆಯಿಂದ ತಂದ ಹಳೆಬಟ್ಟೆಯಲ್ಲಿ ತಮ್ಮದೇ ಕೌದಿ ಶುರುಮಾಡಬೇಕಿತ್ತು.

"ನಮ್ಮ ಮನ್ಯಾಗ ನನ್ನ ಹಳೇ ಲುಂಗಿ ಕೊಟ್ಟು ಕಳಿಸ್ಯಾರ ನೋಡು ಬೇಟಿ," ಎಂದ ನಬಿಸಾಬ್. ಕಾಯಿಲೆ ಬೀಳುವ ಮೊದಲು ಅವನು ದರ್ಜಿ. "ಉಟ್ಟಾಂವನೂ ನಾನೇ, ಹೊದಿಯಾಂವನೂ ನಾನೇ."

"ಚಾಚಾ, ನಿಮ್ಮ ಲುಂಗ್ಯಾಗ ಬಟ್ಟಿಗಿಂತ ತೂತೇ ಭಾಳ ಅವ," ಎಂದಳು ಯಶೋಧರಾ.

ಎಲ್ಲರೂ ನಕ್ಕರು. ನಗುತ್ತಲೇ ಅವಳು ಗಂಟಿನಿಂದ ಒಂದು ಹಸಿರು ಸೀರೆ ಎಳೆದಳು. ಕೈ ನಿಂತಿತು.

"ಇದು ಅವ್ವಂದು."

"ಹೂಂ ಅಕ್ಕ. ಹಳೇದು."

"ಇದೂ ಅವ್ವಂದು." ಇನ್ನೊಂದನ್ನು ಎಳೆದಳು. "ಇದೂ."

ಅವರ ಓಣಿಯಲ್ಲಿ ಬದುಕಿರುವ ಹೆಂಗಸಿನ ಸೀರೆಯನ್ನು ಕೌದಿಗೆ ಕತ್ತರಿಸುವುದಿಲ್ಲ. ಆಕೆ ಹೋದ ಮೇಲೆ ಹೆಣ್ಣುಮಕ್ಕಳು ಹಂಚಿಕೊಂಡು ಹೊಲಿಯುತ್ತಾರೆ. ಅವ್ವ ತನ್ನ ತಾಯಿಯ ಸೀರೆಗಳನ್ನು ಹೊಲಿಯುವಾಗ ಪಕ್ಕದಲ್ಲಿ ಕೂತು ದಾರ ಪೋಣಿಸಿ ಕೊಟ್ಟವಳು ಯಶೋಧರಾಳೇ. ಪಂಚಶೀಲಾಗೂ ಈ ಪದ್ಧತಿ ಗೊತ್ತಿತ್ತು. ಆದರೆ ಮನೆಯ ಹಳೆಬಟ್ಟೆಯೆಲ್ಲ ಪಾತ್ರೆ ಮಾರುವವಳ ಪಾಲಾಗಿ ಅವ್ವನ ಟ್ರಂಕೊಂದೇ ಉಳಿದಿತ್ತು. ಅಕ್ಕನಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದುಕೊಂಡು ತಂದುಬಿಟ್ಟಿದ್ದಳು. ಹುಚ್ಚಿಗೆ ಏನು ತಿಳಿಯುತ್ತದೆ ಎಂದು ಊರವರು ಅಂದಾಗ ಒಳಗೊಳಗೇ ಕುದಿಯುತ್ತಿದ್ದವಳು ತಾನೂ ಅದನ್ನೇ ನಂಬಿದ್ದಳು.

"ಅವ್ವ ಯಾವಾಗ ಸತ್ಲು?" ಯಶೋಧರಾ ಕೇಳಿದಳು. ಕೂಗಲಿಲ್ಲ.

ಪಕ್ಕದಲ್ಲಿದ್ದ ವಿದ್ಯಾವತಿ ಬೆಚ್ಚಿ ಪಂಚಶೀಲಾಳ ಮುಖ ನೋಡಿದರು. ಮನೆಯವರು ಕೇಂದ್ರದಲ್ಲೂ ಬೀದರಿನ ಕಥೆಯನ್ನೇ ಹೇಳಿದ್ದರು.

"ಅಕ್ಕೋರೆ, ಕತ್ತರಿ ಕೊಡ್ರಿ."

"ಬ್ಯಾಡ್ರಿ!" ಪಂಚಶೀಲಾ ವಿದ್ಯಾವತಿಯ ಕೈ ಹಿಡಿದಳು. ಇಷ್ಟು ಜನರೆದುರು ಅವಳು ದನಿ ಎತ್ತಿದ್ದು ಅದೇ ಮೊದಲು.

ವಿದ್ಯಾವತಿ ಯಶೋಧರಾಳ ಮುಖವನ್ನೇ ನೋಡಿದರು. ಮೆಲ್ಲಗೆ ಕೈ ಬಿಡಿಸಿಕೊಂಡು, ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಕತ್ತರಿ ಕೊಟ್ಟರು.

ಯಶೋಧರಾ ಹಸಿರು ಸೀರೆಯನ್ನು ನಡುವೆ ಮಡಿಸಿ ಅಂಚಿಗೆ ಕತ್ತರಿ ಹಾಕಿದಳು. ಉಳಿದದ್ದನ್ನು ಕೈಯಿಂದಲೇ ಚರ್ರನೆ ಹರಿದಳು. ಒಂದು ತುಂಡನ್ನು ತಂಗಿಯ ಮಡಿಲಿಗೆ ಎಸೆದು, ಕತ್ತರಿಯನ್ನು ಅಕ್ಕೋರಿಗೆ ವಾಪಸು ಕೊಟ್ಟಳು.

"ನಿನ್ನ ಪಾಲು. ಈಗ ಹೇಳು. ಇನ್ನೊಮ್ಮಿ ಸುಳ್ಳು ಹೇಳಿದ್ರ ನಿನ್ನ ಕೈಲೆ ಗುಳಿಗಿ ತಗೊಳಂಗಿಲ್ಲ. ಇಲ್ಲಿಗಿ ಬರಂಗೂ ಇಲ್ಲ."

ಹೇಳಿದಂತೆ ಮಾಡುವ ಹೆಣ್ಣು ಅವಳು ಎಂದು ಪಂಚಶೀಲಾಗೆ ಗೊತ್ತಿತ್ತು. ಗುಳಿಗೆ ಬಿಟ್ಟರೆ ಮತ್ತೆ ಆ ಗೋಡೆ, ಆ ಚೀರಾಟ.

"ಎರಡು ವರ್ಷಾತು," ಎಂದಳು. "ಎದಿನೋವು ಬಂತು. ದವಾಖಾನಿಗಿ ಗಾಡಿ ತರಿಸಿದ್ವಿ. ಅಲ್ಲೇ ಜೀವ ಹೋತು, ಹೊಲದಾಗ ಮಣ್ಣು ಮಾಡಿದ್ವಿ."

"ಗಾಡಿ ಸಪ್ಪಳ ನನಗ ಕೇಳಿಸಿತ್ತು." ಯಶೋಧರಾ ಸೀರೆಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು. "ಹತ್ತುವಾಗ ಅವ್ವ ನನ್ನ ಕೇಳಿದ್ಲಾ?"

ಅವ್ವನಿಗೆ ಎಚ್ಚರವೇ ಇರಲಿಲ್ಲ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಆ ಮಾತು ಪಂಚಶೀಲಾಳ ಬಾಯಿಯ ತನಕ ಬಂತು.

"ಕೇಳಿದ್ಲು. ಯಶೋನ್ನ ಕರೀರಿ, ಮಾರಿ ನೋಡ್ತೀನಿ ಅಂದ್ಲು."

"ನೀವೇನಂದ್ರಿ?"

"ಮಲಗ್ಯಾಳ ಅಂದ್ವಿ."

"ಮಲಗಿದ್ದಿಲ್ಲ," ಎಂದಳು ಯಶೋಧರಾ. "ಬಾಗಿಲ ಬಡೀಲಾಕತ್ತಿದ್ದೆ."

ನಿಜ. ಒಳಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಆ ಬಡಿತ ಅಂಗಳ ದಾಟಿ ಗಾಡಿಯವರೆಗೂ ಕೇಳಿಸಿತ್ತು. ಕೇಳಿಸುತ್ತಿದ್ದಂತೆಯೇ ಅವ್ವನಿಗೆ ಮಲಗಿದ್ದಾಳೆ ಎಂದಿದ್ದರು. ಅವ್ವ ಮತ್ತೆ ಕೇಳದೆ ಕಣ್ಣು ಮುಚ್ಚಿಕೊಂಡಿದ್ದಳು.

ನಬಿಸಾಬ್ ಲುಂಗಿಯಲ್ಲಿ ಮುಖ ಮುಚ್ಚಿಕೊಂಡು "ಯಾ ಅಲ್ಲಾ" ಎಂದ.

ಯಶೋಧರಾ ಕೈ ಚಾಚಿದಳು. "ಫೋನ್ ಕೊಡು. ಅಪ್ಪಗ ಹಚ್ಚು."

ಆ ಕಡೆಯಿಂದ ದತ್ತಪ್ಪನ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು. ಕೆಂಪುಬಾಳೆಯ ತೋಟದಲ್ಲಿ ಗೊನೆ ಇಳಿಸುವ ಕೆಲಸದಲ್ಲಿದ್ದ. "ಏನವಾ ಪಂಚು, ಇಷ್ಟ್ ಲಗೂನೇ ಬಸ್ ಸಿಕ್ತೇನು?"

"ನಾ ಯಶೋ ಅಪ್ಪಾ. ಅವ್ವಗ ಹೊಲದಾಗ ಯಾವ ಕಡಿ ಮಣ್ಣು ಮಾಡೀದಿ?"

ಫೋನಿನಲ್ಲಿ ಯಾರೋ ಗೊನೆ ಎಣಿಸುವ ದನಿಯಷ್ಟೇ ಕೇಳಿತು. ಆಮೇಲೆ ದತ್ತಪ್ಪ ಅತ್ತ. ಮಗಳಿಗೆ ಕೇಳಿಸೀತೆಂದು ಹೆಂಡತಿ ಸತ್ತ ದಿನವೂ ದನಿ ತೆಗೆಯದಿದ್ದವನು ಈಗ ಕೆಲಸದವರ ನಡುವೆ ಹೋ ಎಂದು ಅಳುತ್ತಿದ್ದ. ಪಂಚಶೀಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಅಳುವುದನ್ನು ಅವಳು ಎಂದೂ ಕೇಳಿರಲಿಲ್ಲ.

ಯಶೋಧರಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು.

"ಹೂಂ," ಎಂದಳು. "ಬರ್ತೀವಿ. ಹೊಲಕ್ಕ ಹೋಗಿ ನಿಂದ್ರು."