ಮೊನ್ನೆ ಕೊನೆಗೆ ಏನು ಕೇಳಿಸ್ತು?

"ಕುತ್ತಿಗೆ ಕೆಳಗೆ ಕೈ ಕೊಡು ಪುಟ್ಟಾ," ಎಂದರು ಮುದಿ ನರ್ಸು. ಮಗಳು ತೀರಿಕೊಂಡ ತಾಯಿಯ ತಲೆಯನ್ನು ಮೆಲ್ಲನೆ ಎತ್ತಿದಳು. ನರ್ಸು ದಿಂಬು ಸರಿಸಿದರು.

"ಎಲ್ರಿಗೂ ನಿದ್ದೆ ಬರಿಸಿದ ಡಾಕ್ಟರು. ತಾವು ಮಾತ್ರ ಒಂದು ದಿನ ನೆಟ್ಟಗೆ ಮಲಗ್ಲಿಲ್ಲ."

ಮಗಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಅಮ್ಮನ ಪೇಷೆಂಟು ಒಬ್ರೂ ಬಂದಿಲ್ಲ ಆಂಟಿ."

"ನಿದ್ದೆ ಬರಿಸಿದೋರ ಮುಖ ಯಾರಿಗೆ ನೆನಪಿರುತ್ತೆ?"

"ನಂಗಿದೆ," ಎಂದಿತು ಬಾಗಿಲಲ್ಲಿ ಒಂದು ದನಿ. ಅಪರಿಚಿತ ಹೆಂಗಸು; ಕೈಚೀಲದಿಂದ ಅಳತೆ ಟೇಪಿನ ತುದಿ ಇಣುಕುತ್ತಿತ್ತು. "ನಾನು ಟೈಲರು. ಪೇಪರಲ್ಲಿ ನೋಡಿ, ಎರಡು ಬಸ್ಸು ಹತ್ತಿ ಬಂದೆ."

*

ಹದಿನಾಲ್ಕು ವರ್ಷದ ಹಿಂದೆ ಆ ಟೈಲರು ಊಟ, ಮಾತು ಎರಡನ್ನೂ ಬಿಟ್ಟಿದ್ದಳು. ಮಾತ್ರೆಗಳು ನಾಟದೆ, ಮಿದುಳಿಗೆ ಶಾಕ್ ಕೊಡುವ ವಿದ್ಯುತ್ ಚಿಕಿತ್ಸೆಗೆ ಕರೆತಂದರು. ಎರಡನೆಯ ಸಲ ಮಂಚ ಹತ್ತಲೊಲ್ಲಳು. ಹಟ ಎಂದರು ಮನೋವೈದ್ಯರು. ಅರಿವಳಿಕೆಯ ಡಾಕ್ಟರಮ್ಮ ಮಾತ್ರ ಸ್ಟೂಲು ಎಳೆದುಕೊಂಡು ಕೂತರು.

"ಮೊನ್ನೆ ಕೊನೆಗೆ ಏನು ಕೇಳಿಸ್ತು?"

ಆಕೆ ಸ್ಟೂಲಿನತ್ತ ತಿರುಗಿದಳು. "ಹೊಸ ವಾಚಾ ಅಂತ ಯಾರೋ ಕೇಳಿದ್ರು. ಏಳೋಕೆ ನೋಡ್ದೆ. ರೆಪ್ಪೆ ಕೂಡ ಅಲ್ಲಾಡ್ಲಿಲ್ಲ. ಉಸಿರು ಎಳ್ಕೊಳ್ಳೋಕೂ ಆಗ್ಲಿಲ್ಲ."

ಸ್ನಾಯು ಸಡಿಲಿಸುವ ಮದ್ದು ಕೊಟ್ಟ ಮೇಲೆ ಪಕ್ಕದವರನ್ನು ವಾಚಿನ ಬಗ್ಗೆ ವಿಚಾರಿಸಿದ್ದು ಡಾಕ್ಟರೇ. ಅಂದರೆ ಮೈ ಮರಗಟ್ಟಿದಾಗಲೂ ಆಕೆಗೆ ಎಚ್ಚರವಿತ್ತು.

"ತಪ್ಪು ನಂದು," ಎಂದರು. "ನಿದ್ದೆ ಗಾಢವಾದ್ರೆ ಶಾಕ್ ಸರಿಯಾಗಿ ಹಿಡಿಯಲ್ಲ ಅಂತ ನಿದ್ದೆ ಮದ್ದು ಕಮ್ಮಿ ಹಾಕಿದ್ದೆ. ನಿಮಗೆ ಸಾಲ್ಲಿಲ್ಲ."

ಅಂದೇ ಬೇರೆ ಮದ್ದು ಆರಿಸಿದರು. ಆಕೆಯ ಕಣಕಾಲಿಗೆ ಬಿಪಿ ಪಟ್ಟಿ ಬಿಗಿದರು. "ಸಡಿಲಿಸೋ ಮದ್ದು ಈ ಪಾದಕ್ಕೆ ಇಳಿಯಲ್ಲ. ಎಚ್ಚರ ಇದ್ರೆ ಬೆರಳು ಅಲ್ಲಾಡ್ಸಿ. ಅಲ್ಲಾಡಿದ್ರೆ ಯಾರಿಗೂ ಸ್ವಿಚ್ ಮುಟ್ಟೋಕೆ ಬಿಡಲ್ಲ."

*

"ಆಮೇಲೆ ಏಳು ಸಲ ಆಯ್ತು," ಎಂದಳು ಟೈಲರು. "ಒಂದ್ಸಲಾನೂ ಬೆರಳು ಅಲ್ಲಾಡ್ಸೋ ಪ್ರಮೇಯ ಬರ್ಲಿಲ್ಲ. ಮನೆಗೆ ಹೋಗಿ ಮತ್ತೆ ಹೊಲಿಗೆ ಮಿಷನ್ ಮುಂದೆ ಕೂತೆ."

"ಅಮ್ಮ ಇದನ್ನ ನಂಗೆ ಹೇಳೇ ಇಲ್ಲ."

"ಹೇಗೆ ಹೇಳ್ತಾರೆ?" ಎಂದರು ನರ್ಸು. "ಆವತ್ತಿಂದ ಪ್ರತಿಯೊಬ್ರ ಪಕ್ಕಾನೂ ಸ್ಟೂಲು ಹಾಕ್ಕೊಂಡು, ಕೊನೆಗೆ ಏನು ಕೇಳಿಸ್ತು ಅಂತ ಕೇಳೋರು. ತಡ ಆಗುತ್ತೆ ಅಂತ ನಾವೆಲ್ಲ ಬೈಕೊಳ್ತಿದ್ವಿ."

ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂತು. ಮನೆಯವರಿಗೇ ಜಾಗ ಸಾಲದಿತ್ತು. ಆದರೂ ಮಗಳು ಟೈಲರನ್ನು ತನ್ನ ಪಕ್ಕ, ಕಿಟಕಿಯ ಕಡೆ ಕೂರಿಸಿದಳು. ಬಸ್ಸು ಹಿಡಿಯಲು ನಸುಕಿಗೇ ಎದ್ದಿದ್ದ ಟೈಲರಿಗೆ ಎರಡನೆಯ ತಿರುವಿನಲ್ಲೇ ಜೋಂಪು ಹತ್ತಿ, ಬಾಯಿ ಚೂರು ತೆರೆದುಕೊಂಡಿತು. ಮುಂದೆ ರಸ್ತೆಯ ಉಬ್ಬು ಕಂಡಾಗ ಮಗಳು ಕೈ ಚಾಚಿ, ಆ ತಲೆಗೂ ಗಾಜಿಗೂ ನಡುವೆ ಅಂಗೈ ಇಟ್ಟಳು. ಉಬ್ಬು ದಾಟಿದ ಮೇಲೂ ತೆಗೆಯಲಿಲ್ಲ.