ದಕ್ಷಿಣಕ್ಕೆ ಮುಖ ಮಾಡಿದ ಛತ್ರಿ

ಫಕ್ಕೀರವ್ವನ ಎಡಗಾಲಿನ ಕಿರುಬೆರಳಿನ ಹತ್ತಿರ ಒಂದು ಹುಣ್ಣಾಗಿತ್ತು. ಸಕ್ಕರೆ ಕಾಯಿಲೆಯವರ ಹುಣ್ಣು, ಬೇಗ ಮಾಯುವಂಥದ್ದಲ್ಲ. ವಾರಕ್ಕೊಮ್ಮೆ ಸೊಸೆ ನಿರ್ಮಲಾ ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಗಿನೆಲೆ ಸಮೀಪದ ಅವರ ಹೊಲದಮನೆಯಿಂದ ರಸ್ತೆಯವರೆಗೆ ನಡಿಗೆ, ಬ್ಯಾಡಗಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, "ಮುಂದಿನ ವಾರ ಬರ್ರಿ" ಎನ್ನುತ್ತಿದ್ದರು. ಅಷ್ಟಕ್ಕೇ ಒಂದು ದಿನ ಮುಗಿಯುತ್ತಿತ್ತು. ಬಸ್ಸಿನಲ್ಲಿ ಜೋತುಬಿದ್ದು ಬಂದ ಕಾಲು ಸಂಜೆಗೆ ಮತ್ತೆ ಊದಿಕೊಳ್ಳುತ್ತಿತ್ತು.

ಒಮ್ಮೆ ಡಾಕ್ಟರೇ ಅಂದರು: "ಪ್ರತಿ ವಾರ ಇವರನ್ನ ಎಳಕೊಂಡು ಬರಬ್ಯಾಡ್ರಿ. ಹುಣ್ಣಿನ ಫೋಟೋ ತಗದು ಈಮೇಲ್ ಮಾಡ್ರಿ. ಬೇಕಾದ್ರ ನಾನ ಕರಸ್ತೀನಿ."

ಮನೆಗೆ ಫೋನಿನ ತಂತಿಯೇ ಬಂದಿರಲಿಲ್ಲ. ಈಮೇಲ್ ಎಲ್ಲಿಂದ ಮಾಡುವುದು?

ಆ ಹೊತ್ತಿಗೆ ಊರಿನ ಮಹಿಳಾ ಸಂಘಕ್ಕೆ ಒಂದು ಕಂಪ್ಯೂಟರು, ಕ್ಯಾಮೆರಾ, ಉಪಗ್ರಹದಿಂದ ಇಂಟರ್ನೆಟ್ ತರುವ ಛತ್ರಿ ಬಂದಿದ್ದವು. ಬ್ಯಾಡಗಿಯಲ್ಲಿ ಕಂಪ್ಯೂಟರ್ ಕಲಿತಿದ್ದ, ಸಂಘದ ಹುಡುಗಿ ಮುಸರತ ಅವನ್ನು ಇಡಲು ಮನೆ ಹುಡುಕುತ್ತಿದ್ದಳು. ಉಪಗ್ರಹವಿರುವುದು ದಕ್ಷಿಣದ ಆಕಾಶದಲ್ಲಿ; ಊರೊಳಗೆ ಆ ಕಡೆ ನೋಡಿದರೆ ಹುಣಸೆಮರ, ನೀರಿನ ಟ್ಯಾಂಕು ಅಡ್ಡ. ಅವಳು ಹೊಲದಮನೆಗೆ ಬಂದಳು.

"ನಿರ್ಮಲಕ್ಕಾ, ನಿಮ್ಮ ಮಾಳಗಿ ಮ್ಯಾಲ ಕುಂದರಸೂಣ. ಆಕಾಶ ಬಯಲೈತಿ."

ಫಕ್ಕೀರವ್ವ ಒಳಗಿನಿಂದಲೇ ಕೂಗಿದಳು: "ಅಲ್ಲಿ ನಾ ಸಂಡಿಗಿ ಒಣಗಸ್ತೀನಿ. ನಿನ್ನ ಛತ್ರಿ ಸಂಡಿಗಿ ಕೊಡತೈತೇನ?"

"ಸಂಡಿಗಿಗೂ ಜಾಗ ಬಿಡ್ತೇನಿ, ಅಜ್ಜಿ. ಅದರ ಮುಂದ ಹಗ್ಗ ಕಟ್ಟಿ ಸೀರಿ ಒಣಹಾಕಬ್ಯಾಡ್ರಿ, ಸಾಕು."

"ಮ್ಯಾಲಿಂದ ಎಲ್ಲಾ ಕಾಣ್ತೈತಂತ. ನಮ್ಮ ಬಚ್ಚಲಕ್ಕ ಮುಚ್ಚಗಿ ಇಲ್ಲ, ನೋಡು."

ಮುಸರತ ನಕ್ಕಳು. "ಅದಕ್ಕ ಕಣ್ಣಿಲ್ರಿ. ನಾವು ಕಳಿಸಿದ್ದು ಒಯ್ತೈತಿ, ಕೇಳಿದ್ದು ತರ್ತೈತಿ."

"ಸಿಡ್ಲು ಬಡದ್ರ?"

"ಭೂಮಿಗೆ ತಂತಿ ಇಳಸ್ತಾರ. ಗುಡುಗಿದಾಗ ಬಂದ್ ಮಾಡಿ ಪ್ಲಗ್ ಕಿತ್ತಿಡ್ರಿ."

"ಕರೆಂಟ ಇರೂದಿಲ್ಲಲ್ಲ?"

"ಬ್ಯಾಟರಿ ಕೊಡ್ತಾರ."

"ಈಕಿ ಬಾಯಿಗೂ ಒಂದು ಬ್ಯಾಟರಿ ಕೊಟ್ಟಾರ," ಎಂದಳು ಫಕ್ಕೀರವ್ವ.

ನಿರ್ಮಲಾ ಒಂದೇ ಮಾತು ಅಂದಳು: "ಅತ್ತಿ, ನನಗ ಬಸ್ಸು ಸಾಕಾಗೇತಿ."

ಫಕ್ಕೀರವ್ವ ಸೊಸೆಯ ಮುಖ ನೋಡಿದಳು. "ಹಾಕಸ್ರಿ ಹಂಗಾರ."

ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಛತ್ರಿಯನ್ನು ದಕ್ಷಿಣಕ್ಕೆ ನಿಲ್ಲಿಸಿ, ಮೀಟರು ನೋಡುತ್ತ ಕೂದಲೆಳೆಯಷ್ಟೇ ಅತ್ತಿತ್ತ ಸರಿಸಿ, ಬೋಲ್ಟು ಬಿಗಿದ. "ಉಪಗ್ರಹ ಭಾಳ ದೂರ ಐತ್ರಿ. ಇಲ್ಲಿ ಒಂದು ಬೆರಳು ಸರದ್ರ ಅಲ್ಲಿ ಗುರಿನ ತಪ್ಪತೈತಿ. ಯಾರೂ ಮುಟ್ಟಬ್ಯಾಡ್ರಿ."

ಮೊದಲ ವಾರ, ಮುಸರತ ಕಲಿಸಿಕೊಟ್ಟಂತೆ ನಿರ್ಮಲಾ ತೆಗೆದ ಫೋಟೋ ಹೋಯಿತು. ಸಂಜೆಗೆ ಉತ್ತರ ಬಂತು: ಹುಣ್ಣು ಸ್ವಚ್ಛವಿದೆ, ಬರುವುದು ಬೇಡ. ನಿರ್ಮಲಾ ಅದನ್ನು ಮತ್ತೆ ಮತ್ತೆ ಓದಿದಳು.

ಮುಂದಿನ ವಾರ ಹುಣ್ಣಿನ ಅಂಚು ಕಪ್ಪಗಾಗಿತ್ತು. ಫೋಟೋ ತೆಗೆದರೆ ಹೋಗಲೊಲ್ಲದು. ಮೋಡವಿದೆ, ಸರಿದರೆ ಹೋದೀತು ಎಂದುಕೊಂಡಳು. ಬಸ್ಸು ಹಿಡಿಯಬಹುದಿತ್ತು, ಆ ದಾರಿ ನೆನೆದರೆ ಮೈ ಏಳಲಿಲ್ಲ. ಮರುದಿನವೂ ಹೋಗಲಿಲ್ಲ. ಅದರ ಮರುದಿನ ಮುಸರತ ಬಂದು ಮಾಳಿಗೆ ಹತ್ತಿ ನೋಡಿದರೆ ಛತ್ರಿ ಮೂಡಣಕ್ಕೆ ಮುಖ ಮಾಡಿ ನಿಂತಿತ್ತು.

"ಯಾರ್ರಿ ಇದನ್ನ ತಿರುವಿದವ್ರು?"

ಕೆಳಗೆ ಕೂತಿದ್ದ ಫಕ್ಕೀರವ್ವ ಸೆರಗು ಸರಿಪಡಿಸಿಕೊಂಡಳು. "ನಾನ. ಮೈಲಾರೆಪ್ಪಗ ಹೇಳಿ ಹೊಳ್ಳಸೀನಿ. ಬಾಜೂ ಹೊಲದ ಗದಿಗೆವ್ವ ಬಂದಾಕಿ, ಬ್ಯಾನಿ ಇದ್ದ ಮನಿ, ಯಮನ ದಿಕ್ಕಿಗೆ ಮಾರಿ ಮಾಡಿ ಇಟ್ಟೀರಿ ಅಂದ್ಲು. ಮೂಡಣಕ್ಕಿರಲಿ, ಸೂರ್ಯಗ ಕೈ ಮುಗದಂಗಾತು ಅಂತ…"

ಹೊಲದ ಆಳು ಮೈಲಾರೆಪ್ಪ ಪಂಪ್‌ಸೆಟ್ಟಿನ ಪಾನಾ ತಂದು ಬೋಲ್ಟು ಸಡಿಲಿಸಿದ್ದ.

"ಅಜ್ಜಿ, ನೀವು ಮೂಡಣಕ್ಕ ಕೈ ಮುಗೀತೀರಿ, ನಾವು ಪಡುವಣಕ್ಕ ನಿಂತು ನಮಾಜು ಮಾಡ್ತೇವಿ. ದೇವರಿಗೆ ಎಲ್ಲಾ ದಿಕ್ಕೂ ನಡೀತೈತಿ. ಇದಕ್ಕ ಒಂದ ದಿಕ್ಕು."

ನಿರ್ಮಲಾ ಚೀಲಕ್ಕೆ ಎರಡು ಸೀರೆ ತುಂಬಿ ಅತ್ತೆಯನ್ನು ಎಬ್ಬಿಸಿದಳು.

ಡಾಕ್ಟರು ಕಾಲು ನೋಡಿ ಕನ್ನಡಕ ತೆಗೆದರು. "ಮೊನ್ನೆನ ಗೊತ್ತಾಗಿದ್ರ ಬೆರಳು ಉಳೀತಿತ್ತೇನೋ." ಕಿರುಬೆರಳು ಹೋಯಿತು. ಪಾದ ಉಳಿಯಿತು.

ಅವರು ಮನೆಗೆ ಮರಳುವಷ್ಟರಲ್ಲಿ ಮುಸರತ ಮೆಕ್ಯಾನಿಕನನ್ನು ಕರೆಸಿ ಛತ್ರಿಯನ್ನು ಮತ್ತೆ ದಕ್ಷಿಣಕ್ಕೆ ನಿಲ್ಲಿಸಿದ್ದಳು. ಗದಿಗೆವ್ವ ಮಾತಾಡಿಸಲು ಬಂದಾಗ ಫಕ್ಕೀರವ್ವ ಕಾಲು ಚಾಚಿ ಕೂತಿದ್ದಳು.

"ಮತ್ತ ದಕ್ಷಿಣಕ್ಕ ಇಟ್ಟೀರೇನವ್ವಾ?"

"ಇಟ್ಟೇವಿ. ನನ್ನ ಬೆರಳು ಒಯ್ದದ್ದು ಯಮನಲ್ಲ, ನಾ ತಿರುವಿದ ಛತ್ರಿ. ನೀ ಮಾಳಗಿ ಹತ್ತೂ ವಿಚಾರ ಮಾಡಬ್ಯಾಡ. ಪಾನಾ ನನ್ನ ತಲಿದಿಂಬಿನ ಬುಡಕೈತಿ."

ಆ ವಾರದ ಫೋಟೋ ಹೋಯಿತು. ಕಾಲು ಸರಿಯಾಗಿ ಕಾಣಲೆಂದು ಫಕ್ಕೀರವ್ವ ತಾನೇ ಬೆಳಕಿಗೆ ಸರಿದು ಕೂತಳು.

ಅವ್ವಂದಿರೇ, ಅಕ್ಕಂದಿರೇ, ತಂತಿ ಬಾರದ ಮನೆಗೂ ಇಂಟರ್ನೆಟ್ ಬರುತ್ತದೆ. ದಕ್ಷಿಣದ ಆಕಾಶ ಬಯಲಾಗಿರುವ ಗಟ್ಟಿ ಜಾಗ ಕೊಡಿ. ಭೂಮಿಗೆ ತಂತಿ ಇಳಿಸದೆ ಮೆಕ್ಯಾನಿಕನನ್ನು ಕಳಿಸಬೇಡಿ. ಅವನು ಬಿಗಿದ ಬೋಲ್ಟನ್ನು ನಿಮ್ಮ ಮನೆಯ ಪಾನಾ ಮುಟ್ಟದಿರಲಿ. ಮನಸ್ಸಿಗೆ ಅಳುಕಿದ್ದರೆ ಮೊದಲೇ ಬಾಯಿಬಿಟ್ಟು ಕೇಳಿ. ಇನ್ನೊಂದು ಮಾತು. ಒಂದು ದಿನ ಫೋಟೋ ಹೋಗದಿದ್ದರೆ, ಮೋಡ ಸರಿಯಲಿ ಎಂದು ಕೂರಬೇಡಿ. ಛತ್ರಿಯನ್ನು ನಾಳೆ ರಿಪೇರಿ ಮಾಡಿಸಬಹುದು. ಎಷ್ಟೇ ದಣಿದಿದ್ದರೂ ಅಂದೇ ಬಸ್ಸು ಹತ್ತಿ.